ಬಿಡದಿಯವರು ಕ್ಯಾತಸಂದ್ರಕ್ಕೆ ಬಂದ ದಿನ

ಇದು ನಮ್ಮ ತುಮಕೂರಿನ ಅಮಾನಿಕೆರೆ. ಬೆಳಿಗ್ಗೆ ಆರೂವರೆ. ವಾಕಿಂಗ್ ಬಂದವರಲ್ಲಿ ಅರ್ಧ ಜನ ಅಪ್ಪನಿಗೆ ಪರಿಚಯ. ಅದಕ್ಕೇ ಕ್ಯಾಮೆರಾವನ್ನು ನೀರಿನ ಕಡೆ ತಿರುಗಿಸಿದ್ದೇನೆ. ಮಾತನ್ನು ಆಮೇಲೆ ಮನೆಯಲ್ಲಿ ಬಾಗಿಲು ಹಾಕಿಕೊಂಡು ರೆಕಾರ್ಡ್ ಮಾಡಿದೆ. ವಿಷಯ ಅಂಥದ್ದು. ಮೂರು ತಿಂಗಳಿಂದ ನಾನು ಡೇಟಿಂಗ್ ಆ್ಯಪ್‌ನಲ್ಲಿದ್ದೇನೆ.

ನನಗೆ ಈಗ ಮೂವತ್ತೊಂದು. ಏಳು ಸಲ ಹೆಣ್ಣು ನೋಡುವ ಶಾಸ್ತ್ರ ಆಗಿದೆ. ಏಳು ಸಲವೂ ಉಪ್ಪಿಟ್ಟು, ಕೇಸರಿಬಾತ್. 'ಅಡುಗೆ ಬರುತ್ತೇನಮ್ಮಾ?' ಅಂತ ಏಳು ಕಡೆಯವರೂ ಕೇಳಿದರು. ನನಗೆ ಏನಾದರೂ ಕೇಳುವುದಿದೆಯಾ ಅಂತ ಒಬ್ಬರೂ ಕೇಳಲಿಲ್ಲ. 'ಆ್ಯಪ್‌ನಲ್ಲಿ ಮನುಷ್ಯರನ್ನ ತರಕಾರಿ ಥರ ಆರಿಸ್ತಾರೆ ಕಣೇ' ಅಂತ ಗೆಳತಿ ಬೈದಾಗ ನನಗೆ ನಗು ಬಂತು. ಬ್ರೋಕರ್ ಆಂಟಿಯ ಬ್ಯಾಗಿನಲ್ಲಿ ಇರುವುದೇನು ಮತ್ತೆ? ನನ್ನ ಫೋಟೊ, ಅದರ ಹಿಂದೆ ಎತ್ತರ, ನಕ್ಷತ್ರ, ಸಂಬಳ. ಆ್ಯಪ್‌ನಲ್ಲಾದರೆ ಆರಿಸುವ ಕೆಲಸ ನನಗೂ ಇದೆ. ಇದೇನು ನಿನ್ನೆ ಮೊನ್ನೆ ಬಂದ ಹುಚ್ಚೂ ಅಲ್ಲ. ಮ್ಯಾಚ್ ಡಾಟ್ ಕಾಮ್ ಅನ್ನುವ ಡೇಟಿಂಗ್ ವೆಬ್‌ಸೈಟ್ ಶುರುವಾಗಿದ್ದು 1995ರಲ್ಲಿ, ಟಿಂಡರ್ ಆ್ಯಪ್ 2012ರಲ್ಲಿ. ನಾನೇ ಲೇಟು.

ಮೊದಲ ದಿನ, ಎಷ್ಟು ದೂರದವರು ಕಾಣಬೇಕು ಅನ್ನುವುದನ್ನು ಆ್ಯಪ್‌ನಲ್ಲಿ ಹತ್ತು ಕಿಲೋಮೀಟರ್‌ಗೆ ಇಟ್ಟೆ. ತೆರೆದ ಕೂಡಲೇ ಬಂದಿದ್ದು ನಮ್ಮ ಹಿಂದಿನ ಬೀದಿಯವರ ಫೋಟೊ! ಬುಲೆಟ್ ಮೇಲೆ ಕೂತು, ಕೂಲಿಂಗ್ ಗ್ಲಾಸ್ ಹಾಕಿಕೊಂಡು. ದಿನಾ ನಂದಿನಿ ಬೂತ್ ಹತ್ತಿರ ಲುಂಗಿಯಲ್ಲಿ ಕಾಣುವ ಮುಖ ಅದು. ನನಗೆ ಅವರು ಕಂಡರು ಅಂದರೆ ಅವರಿಗೂ ನಾನು ಕಂಡಿರಬಹುದು, ಅಲ್ವಾ? ಮಾರನೆ ದಿನ ಹಾಲಿಗೆ ತಮ್ಮನನ್ನು ಕಳಿಸಿದೆ.

ಹತ್ತು ನಿಮಿಷದಲ್ಲಿ ಊರು ಮುಗಿಯಿತು. ದೂರವನ್ನು ಎಂಬತ್ತಕ್ಕೆ ಎಳೆದೆ. ಬೆಂಗಳೂರು ಇಲ್ಲಿಂದ ಸುಮಾರು ಎಪ್ಪತ್ತು ಕಿಲೋಮೀಟರ್, ಹಾಗಾಗಿ ಇಡೀ ಬೆಂಗಳೂರು ಬಂದು ಬಿತ್ತು. 'ತುಮಕೂರಾ? ಅಷ್ಟು ದೂರಾನಾ?' ಅಂತ ಕೇಳುವವರೇ ಜಾಸ್ತಿ. ಸಾಯಂಕಾಲದ ಟ್ರಾಫಿಕ್‌ನಲ್ಲಿ ಇವರು ಎಲೆಕ್ಟ್ರಾನಿಕ್ ಸಿಟಿಯಿಂದ ಹೆಬ್ಬಾಳ ಸೇರುವಷ್ಟರಲ್ಲಿ ನಾನು ರೈಲಿನಲ್ಲಿ ಬಂದು ಕಾಫಿ ಕುಡಿದಿರುತ್ತೇನೆ.

ಇನ್ನು ಪರಿಚಯದ ಸಾಲು. ಮೊದಲು ನಾನು ಬರೆದಿದ್ದು ಇದು: 'ಟೈಮ್‌ಪಾಸ್‌ಗೆ ಬರಬೇಡಿ. ಸುಳ್ಳು ಬೇಡ. ಬರೀ ಹಾಯ್ ಕಳಿಸಬೇಡಿ.' ತಮ್ಮ ಓದಿ, 'ಅಕ್ಕಾ, ಕಾಂಪೌಂಡ್ ಗೋಡೆ ಮೇಲೆ ಇಲ್ಲಿ ಗಾಡಿ ನಿಲ್ಲಿಸಬೇಡಿ ಅಂತ ಬರೀತಾರಲ್ಲ, ಹಂಗಿದೆ' ಅಂದ. ಸಿಟ್ಟು ಬಂತು, ಆದರೆ ಅಳಿಸಿದೆ. ಈಗ ಹೀಗಿದೆ: 'ಭಾನುವಾರ ದೇವರಾಯನದುರ್ಗ ಹತ್ತುತ್ತೇನೆ. ಅರ್ಧಕ್ಕೇ ಸುಸ್ತಾಗುತ್ತೇನೆ. ಜೊತೆಗೆ ಬರುವವರು ನೀರು ತರಬೇಕು.' ಆಮೇಲೆ ಬರುವ ಮೆಸೇಜುಗಳ ರೀತಿಯೇ ಬದಲಾಯಿತು.

ಎಲ್ಲ ಚೆನ್ನಾಗಿಯೇ ಆಯಿತು ಅಂತಲ್ಲ. ಮೊದಲು ಸಿಕ್ಕವರು ಒಂದೂವರೆ ಗಂಟೆ ಬರೀ ಷೇರು ಮಾರ್ಕೆಟ್ ಮಾತಾಡಿದರು. ಎದ್ದು ಹೋಗಬಹುದಿತ್ತು. ಆದರೆ ಕಾಫಿ ಮುಗಿಯುವವರೆಗೆ ಕೂರುವುದು ಅಂತ ನನಗೆ ನಾನೇ ಹೇಳಿಕೊಂಡಿದ್ದೆ. ಕಾಫಿ ಮುಗಿಯುವ ಮೊದಲು ಮದುವೆ ಛತ್ರದ ಬಗ್ಗೆ ಯೋಚಿಸಬಾರದು ಅಂತಲೂ. ಕೂತೆ. ಅವರು ಮತ್ತೆ ಸಿಗಲಿಲ್ಲ, ನಾನೂ ಕೇಳಲಿಲ್ಲ. ಈಗ ಮ್ಯೂಚುವಲ್ ಫಂಡ್‌ಗೆ ತಿಂಗಳಿಗೆ ಐನೂರು ರೂಪಾಯಿ ಎಸ್‌ಐಪಿ ಕಟ್ಟುತ್ತಿದ್ದೇನೆ.

ಇನ್ನೊಬ್ಬ ಹಡಗಿನ ಕ್ಯಾಪ್ಟನ್ ಅಂತೆ. ಎರಡನೇ ವಾರಕ್ಕೇ 'ನಿನಗೆ ಕಳಿಸಿದ ಗಿಫ್ಟ್ ಕಸ್ಟಮ್ಸ್‌ನಲ್ಲಿ ಸಿಕ್ಕಿಹಾಕಿಕೊಂಡಿದೆ, ದುಡ್ಡು ಕಟ್ಟು' ಅಂದ. ಆ ಫೋಟೊವನ್ನು ಗೂಗಲ್‌ಗೆ ಹಾಕಿ ಹುಡುಕಿದೆ. ಬೇರೆ ಯಾರದೋ ಮುಖ. ರಿಪೋರ್ಟ್ ಮಾಡಿ ಬ್ಲಾಕ್ ಮಾಡಿದೆ. ಪಾಸಿಟಿವ್ ಆಗಿರುವುದು ಅಂದರೆ ಪೆದ್ದಾಗಿರುವುದು ಅಂತಲ್ಲವಲ್ಲ. ನಿಮ್ಮ ದುಡ್ಡು ಹೋಗಿದ್ದರೆ ನಾಚಿಕೊಂಡು ಕೂರಬೇಡಿ, ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಈಗ ಸ್ಕ್ರೀನ್ ಮೇಲೆ ಕಾಣುತ್ತಿರುವ ಇಡ್ಲಿಗೆ ಬರೋಣ.

ಬಂಬಲ್ ಅನ್ನುವ ಡೇಟಿಂಗ್ ಆ್ಯಪ್ 2014ರಲ್ಲಿ ಬಂದಾಗ ಒಂದು ನಿಯಮ ತಂದಿತ್ತು. ಗಂಡು ಹೆಣ್ಣು ಮ್ಯಾಚ್ ಆದರೆ, ಅಂದರೆ ಇಬ್ಬರೂ ಒಬ್ಬರನ್ನೊಬ್ಬರು ಆರಿಸಿಕೊಂಡರೆ, ಹೆಣ್ಣೇ ಮೊದಲು ಮೆಸೇಜ್ ಮಾಡಬೇಕು, ಅದೂ 24 ಗಂಟೆಯೊಳಗೆ. ಎಲ್ಲ ಕಡೆಯೂ ನಾನು ಅದನ್ನೇ ಪಾಲಿಸುತ್ತೇನೆ. 'ಹಾಯ್' ಅಂತ ಬರೆದು ಅಳಿಸಿ, 'ತಟ್ಟೆ ಇಡ್ಲಿಗೆ ಬೆಣ್ಣೆ ಹಾಕಿಸ್ಕೋತೀರಾ?' ಅಂತ ಕಳಿಸಿದೆ. ಹನ್ನೊಂದು ಜನರಲ್ಲಿ ನಾಲ್ವರು ಉತ್ತರ ಕೊಟ್ಟರು. ಅದರಲ್ಲಿ ಒಬ್ಬರು, 'ನಾನು ಬಿಡದಿಯವನು. ತಟ್ಟೆ ಇಡ್ಲಿ ವಿಷಯ ನಮ್ಮ ಹತ್ತಿರ ಮಾತಾಡ್ತೀರಾ?' ಅಂದರು. ಹತ್ತು ದಿನ ಜಗಳ. ಕೊನೆಗೆ ಒಂದು ಭಾನುವಾರ ಯಶವಂತಪುರದಲ್ಲಿ ರೈಲು ಹತ್ತಿ, ತಟ್ಟೆ ಇಡ್ಲಿಗೆ ಹೆಸರಾದ ನಮ್ಮ ತುಮಕೂರು ಪಕ್ಕದ ಕ್ಯಾತಸಂದ್ರದಲ್ಲಿ ಇಳಿದರು.

ಬೆಳಗಿನ ಹೊತ್ತು, ಹೋಟೆಲ್ ತುಂಬ ಜನ. ಎಲ್ಲಿದ್ದೇನೆ ಅಂತ ಗೆಳತಿಗೆ ಲೊಕೇಶನ್ ಕಳಿಸಿದ್ದೆ. ಇಡ್ಲಿ ಬರುವ ಮೊದಲೇ ಅವರು, 'ಒಂದು ವಿಷಯ ಹೇಳಿಬಿಡ್ತೀನಿ. ನನಗೆ ಡೈವೋರ್ಸ್ ಆಗಿದೆ. ಆಮೇಲೆ ಹೇಳಿದರೆ ನಿಮಗೆ ಇಡ್ಲಿ ಇಳಿಯಲ್ಲ' ಅಂದರು. ಇಡ್ಲಿ ಬಂತು. ಬೆಣ್ಣೆ ಕರಗಿ ಅಂಚಿನ ಕಡೆ ಜಾರುತ್ತಿತ್ತು. ಇಬ್ಬರೂ ಅದನ್ನೇ ನೋಡುತ್ತಾ ಕೂತೆವು. ಒಂದು ತುಂಡು ಬಾಯಿಗಿಟ್ಟು, 'ಚಟ್ನಿ ನಿಮ್ಮದು ಗೆಲ್ತು. ಇಡ್ಲಿ ನಮ್ಮದೇ' ಅಂದರು. ಆಮೇಲೆ ಕೈ ಒರೆಸಿಕೊಂಡು ಕೇಳಿದರು: 'ನಿಮಗೆ ನನ್ನ ಹತ್ತಿರ ಏನಾದರೂ ಕೇಳೋದು ಇದೆಯಾ?'

ಏಳು ಸಲ ಕೇಳದೆ ಉಳಿದ ಪ್ರಶ್ನೆಗಳೆಲ್ಲ ನನ್ನ ಹತ್ತಿರ ಇದ್ದವು. ಒಂದೂ ನೆನಪಿಗೆ ಬರಲಿಲ್ಲ.

'ನಿಮಗೆ ಅಡುಗೆ ಬರುತ್ತಾ?' ಅಂದುಬಿಟ್ಟೆ.

'ಅನ್ನ ಸಾರು ಬರುತ್ತೆ. ಮುದ್ದೆ ಮಾತ್ರ ಗಂಟಾಗುತ್ತೆ.'

ನನಗೂ ಗಂಟಾಗುತ್ತದೆ. ಅದನ್ನು ಅವತ್ತು ಹೇಳಲಿಲ್ಲ.