ಮಡಿಕೇರಿಯನ್ನು ನಡೆದು ನೋಡಿ

ಕೇಳುಗರೆ, ನಮಸ್ಕಾರ.

ಬೇಸಿಗೆ ರಜೆ ಶುರುವಾಯಿತು. ಬೆಂಗಳೂರು, ಮೈಸೂರಿನಿಂದ ನೆಂಟರು ಬರುವ ಕಾಲ. ಹೋಂಸ್ಟೇ ನಡೆಸುವವರಿಗಂತೂ ಬೆಳಗಾದರೆ ಒಂದೇ ಪ್ರಶ್ನೆ: ಇಲ್ಲಿ ನೋಡುವುದಕ್ಕೆ ಏನಿದೆ? ನೀವು ಕೊಡುವ ಉತ್ತರವೂ ಒಂದೇ: ಅಬ್ಬಿ, ದುಬಾರೆ, ಮಾಂದಲಪಟ್ಟಿ. ಜೀಪು ಹತ್ತಿಸಿ ಕಳಿಸುತ್ತೀರಿ, ಅವರು ಸಂಜೆ ಸುಸ್ತಾಗಿ ಬಂದು ಮಲಗುತ್ತಾರೆ. ಮಡಿಕೇರಿ ಪೇಟೆ ಅಂದರೆ ಅವರಿಗೆ ನೆನಪಾಗುವುದು ಟ್ರಾಫಿಕ್ ಮಾತ್ರ. ನಾನು ಇವತ್ತು ಕೇಳಿಕೊಳ್ಳುವುದು ಇಷ್ಟು: ಒಂದು ದಿನ ಕಾರು ಮನೆಯಲ್ಲಿ ಬಿಡಿ. ನೆಂಟರನ್ನು ಪೇಟೆಯೊಳಗೆ ನಡೆಸಿಕೊಂಡು ಹೋಗಿ. ಬೇರೆ ಊರಲ್ಲಿ ಸುಲಭಕ್ಕೆ ಸಿಗದ ವಿಚಿತ್ರಗಳು ಇಲ್ಲೇ ಕಾಲಳತೆಯಲ್ಲಿ ಇವೆ.

ಬೆಳಗ್ಗೆ ಹತ್ತಕ್ಕೆ ಕೋಟೆಯಿಂದ ಶುರು ಮಾಡಿ. ಕೊಡಗಿನ ಅರಸ ಮುದ್ದುರಾಜ 1681ರಲ್ಲಿ ಊರು ಕಟ್ಟಿ ಮಣ್ಣಿನ ಕೋಟೆ ಹಾಕಿಸಿದ. ಅದನ್ನು ಕಲ್ಲಿನಲ್ಲಿ ಕಟ್ಟಿಸಿದವನು ಟಿಪ್ಪು ಸುಲ್ತಾನ್, ಇಟ್ಟ ಹೆಸರು ಜಾಫರಾಬಾದ್. ಇಷ್ಟು ಗೊತ್ತಿದ್ದರೆ ಸಾಕು. ಒಳಗೆ ಹೋದವರು ಅರಮನೆಯ ಮುಂದೆ ಫೋಟೊ ತೆಗೆದು ವಾಪಸ್ ಬರುತ್ತಾರೆ. ದಯವಿಟ್ಟು ಈಶಾನ್ಯ ಮೂಲೆಗೆ ಹೋಗಿ. ಅಲ್ಲಿ ಎರಡು ಆನೆಗಳು ನಿಂತಿವೆ, ನಿಜವಾದ ಆನೆಯಷ್ಟೇ ದೊಡ್ಡವು.

ಊರಿನಲ್ಲಿ ಒಂದು ಕಥೆ ಇದೆ. ಅರಸ ಎದ್ದ ಕೂಡಲೇ ಎರಡು ಆನೆಗಳು ಅರಮನೆ ಮುಂದೆ ಬಂದು ಸೊಂಡಿಲೆತ್ತಿ ನಮಸ್ಕರಿಸಬೇಕಿತ್ತಂತೆ. ಒಂದು ದಿನ ಬರಲಿಲ್ಲ. ಅರಸನಿಗೆ ಸಿಟ್ಟು ನೆತ್ತಿಗೇರಿತು, ಎರಡನ್ನೂ ಕೊಲ್ಲಿಸಿದ. ಆಮೇಲೆ ಮನಸ್ಸು ತಡೆಯದೆ ಅವುಗಳ ನೆನಪಿಗೆ ಇವನ್ನು ಮಾಡಿಸಿದನಂತೆ. ಯಾವ ಅರಸ ಅಂತ ಒಬ್ಬೊಬ್ಬರು ಒಂದೊಂದು ಹೆಸರು ಹೇಳುತ್ತಾರೆ. ಕಥೆ ಹೇಳಿ, ಮಕ್ಕಳಿಗೆ ಇಷ್ಟವಾಗುತ್ತದೆ. ಆದರೆ ಕಥೆಗೇ ನಿಲ್ಲಿಸಬೇಡಿ, ಹತ್ತಿರ ಹೋಗಿ ಮೈ ನೋಡಿ.

ಎಷ್ಟೋ ಜನ ಇವು ಕಲ್ಲಾನೆ ಅಂದುಕೊಳ್ಳುತ್ತಾರೆ. ಅಲ್ಲ, ಗಾರೆಯ ಕೆಲಸ. ಆ ಕಾಲದ ಗಾರೆ ಅಂದರೆ ಸುಣ್ಣ. ಸುಟ್ಟ ಸುಣ್ಣಕ್ಕೆ ನೀರು ಹಾಕಿ ಅರಳಿಸಬೇಕು, ವಾರಗಟ್ಟಲೆ ನೀರಿನಲ್ಲೇ ಬಿಡಬೇಕು. ಒಂದು ಪಾಲು ಸುಣ್ಣಕ್ಕೆ ಸುಮಾರು ಮೂರು ಪಾಲು ಮರಳು ಸೇರಿಸಿ ಗಾಣದಲ್ಲಿ ಅರೆಯಬೇಕು. ಅಂಟು ಬರಲಿ ಅಂತ ಬೆಲ್ಲದ ನೀರು, ಅಳಲೆಕಾಯಿಯ ರಸ ಬೆರೆಸುತ್ತಿದ್ದರು. ಒಂದು ಪದರ ಅರ್ಧ ಇಂಚು ಮೀರಬಾರದು. ಅದು ಬಿಗಿದ ಮೇಲೆ ಇನ್ನೊಂದು. ಅವಸರದಲ್ಲಿ ದಪ್ಪ ಬಳಿದರೆ ಮೇಲೆ ಗಟ್ಟಿ, ಒಳಗೆ ಹಸಿ. ಆಮೇಲೆ ಸೀಳು ಬಿಡುತ್ತದೆ. ಸುಣ್ಣ ಗಟ್ಟಿಯಾಗುವುದು ಗಾಳಿಯಲ್ಲಿರುವ ಇಂಗಾಲದ ಡೈ ಆಕ್ಸೈಡನ್ನು ಹೀರಿಕೊಂಡು, ಅದಕ್ಕೆ ತಿಂಗಳುಗಳು ಬೇಕು. ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರಿನಲ್ಲಿ ಬಯಲಲ್ಲಿ ನಿಂತ ಗಾರೆ ಆನೆ ಉಳಿದಿದೆ ಅಂದರೆ, ಕರಣೆ ಹಿಡಿದವರು ಎಂಥ ಕೆಲಸಗಾರರು ಅಂತ ಯೋಚಿಸಿ!

ಗಾರೆ ಗೊಂಬೆಗೆ ಪೆಟ್ಟು ಮೊದಲು ಬೀಳುವುದು ಕಿವಿಯ ಅಂಚು, ಸೊಂಡಿಲು, ಬಾಲಕ್ಕೆ. ಹೊರಚಾಚಿದ ತೆಳು ಭಾಗದಲ್ಲಿ ನೀರು ನಿಂತು ಒಳಗೆ ಇಳಿಯುತ್ತದೆ. ಅಲ್ಲಿ ಕಣ್ಣಿಟ್ಟು ನೋಡಿ. ಇಂಥ ಬಿರುಕಿಗೆ ಸಿಮೆಂಟ್ ಮೆತ್ತಬಾರದು. ಸುಣ್ಣ ಉಸಿರಾಡುತ್ತದೆ, ಸಿಮೆಂಟ್ ಬಿಡುವುದಿಲ್ಲ. ಒಳಗೆ ಸಿಕ್ಕ ನೀರು ಹಳೆಯ ಗಾರೆಯನ್ನೂ ಎಬ್ಬಿಸಿಕೊಂಡು ಬರುತ್ತದೆ. ನಿಮ್ಮ ಐನ್‌ಮನೆ, ಅಂದರೆ ಕುಟುಂಬದ ಹಿರಿಮನೆಯ ಹಳೆಯ ಗೋಡೆಗೂ ಇದೇ ಮಾತು. ಇನ್ನು ಮಕ್ಕಳನ್ನು ಎತ್ತಿ ಆನೆ ಮೇಲೆ ಕೂರಿಸುವವರಿಗೆ ಕೈ ಮುಗಿದು ಹೇಳುತ್ತೇನೆ, ಬೇಡ. ಪಕ್ಕದಲ್ಲಿ ನಿಲ್ಲಿಸಿ, ಫೋಟೊ ಅಷ್ಟೇ ಚೆನ್ನಾಗಿ ಬರುತ್ತದೆ.

ಕೋಟೆಯಲ್ಲೇ ಆಗ್ನೇಯಕ್ಕೆ ಹಳೆಯ ಸೇಂಟ್ ಮಾರ್ಕ್ಸ್ ಚರ್ಚ್ ಇದೆ. ವೀರಭದ್ರ ದೇವಸ್ಥಾನವಿದ್ದ ಜಾಗದಲ್ಲಿ 1855ರಲ್ಲಿ ಬ್ರಿಟಿಷರು ಕಟ್ಟಿದ್ದು, ಈಗ ಸರ್ಕಾರಿ ವಸ್ತುಸಂಗ್ರಹಾಲಯ. ಸೋಮವಾರ ರಜೆ, ಆ ದಿನ ಹೋಗಿ ಬಾಗಿಲು ನೋಡಿ ಬರಬೇಡಿ. ಅರಮನೆಯ ಗಡಿಯಾರ ಗೋಪುರವನ್ನೂ ಒಮ್ಮೆ ತಲೆಯೆತ್ತಿ ನೋಡಿ. ಅದನ್ನೂ, ಬ್ರಿಟಿಷ್ ಕಾಲದ ಕಮಿಷನರ್ ಸಾಹೇಬರ ಕಾರು ನಿಲ್ಲಿಸುವ ಪೋರ್ಟಿಕೋವನ್ನೂ ಸೇರಿಸಿದ್ದು 1933ರಲ್ಲಿ.

ಅಲ್ಲಿಂದ ಓಂಕಾರೇಶ್ವರಕ್ಕೆ ಇಳಿಯಿರಿ. ದಾರಿ ಇಳಿಜಾರು, ವಯಸ್ಸಾದವರಿಗೂ ಆದೀತು. ವಾಪಸ್ ಹತ್ತುವಾಗ ಬೇಕಾದರೆ ಆಟೊ ಹಿಡಿಯಲಿ. ಹನ್ನೊಂದೂವರೆಯೊಳಗೆ ತಲುಪಿ, ಹನ್ನೆರಡಕ್ಕೆ ಬಾಗಿಲು ಹಾಕುತ್ತಾರೆ. ಲಿಂಗರಾಜೇಂದ್ರ 1820ರಲ್ಲಿ ಕಟ್ಟಿಸಿದ ಶಿವಾಲಯ ಇದು. ಗೋಪುರ ಹುಡುಕಬೇಡಿ. ನಡುವೆ ಗುಮ್ಮಟ, ನಾಲ್ಕು ಮೂಲೆಗೆ ಮಿನಾರು, ಗುಮ್ಮಟದ ತುದಿಯಲ್ಲಿ ಚಿನ್ನದ ಬಣ್ಣದ ಗುಂಡು, ಗಾಳಿಯ ದಿಕ್ಕು ತೋರಿಸುವ ಸೂಚಿ! ದೇವಸ್ಥಾನದ ನೆತ್ತಿಯಲ್ಲಿ ಗಾಳಿಸೂಚಿ ಬೇರೆಲ್ಲಿ ನೋಡಿದ್ದೀರಿ? ಕೆರೆಯ ಮೀನು ನೋಡುವ ಭರದಲ್ಲಿ ಎಲ್ಲರೂ ಬಗ್ಗಿಕೊಂಡೇ ಇರುತ್ತಾರೆ, ಮೇಲೆ ನೋಡುವುದೇ ಇಲ್ಲ.

ಊಟ ಮುಗಿಸಿ ಮಹದೇವಪೇಟೆ ದಾಟಿ ಗದ್ದುಗೆಗೆ, ಅಂದರೆ ಅರಸರ ಸಮಾಧಿಗಳಿರುವ ಜಾಗಕ್ಕೆ ಬನ್ನಿ. ಅಬ್ಬಿಗೆ ಹೋಗುವ ಗಾಡಿಗಳು ಇದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಬೇಸರದ ಸಂಗತಿ. ದೂರದಿಂದ ದರ್ಗಾದ ಹಾಗೆ ಕಾಣುತ್ತದೆ. ಹತ್ತಿರ ಬಂದರೆ ಮೂಲೆಗಳಲ್ಲಿ ಬಸವ ಕೂತಿದ್ದಾನೆ, ಒಳಗೆ ಲಿಂಗ ಇದೆ. ಕೊಡಗನ್ನು ಆಳಿದ ಹಾಲೇರಿ ಅರಸರು ವೀರಶೈವರು, ಹೂಳುವುದೇ ಪದ್ಧತಿ. ಒಂದರಲ್ಲಿ ದೊಡ್ಡ ವೀರರಾಜೇಂದ್ರ ಮತ್ತು ಮಹದೇವಮ್ಮಾಜಿ, ಇನ್ನೊಂದರಲ್ಲಿ ಲಿಂಗರಾಜೇಂದ್ರ ಮತ್ತು ರಾಣಿ. ಬೆಳಗ್ಗೆ ನೋಡಿದ ಅರಮನೆಯನ್ನು 1812ರಿಂದ 1814ರ ಹೊತ್ತಿಗೆ ಹೊಸದು ಮಾಡಿಸಿದವನೂ ಇದೇ ಲಿಂಗರಾಜೇಂದ್ರ. ಅವನು ಆಳಿದ್ದು 1811ರಿಂದ 1820, ಬರೀ ಒಂಬತ್ತು ವರ್ಷ. ಅವನ ಅರಮನೆ, ಅವನ ದೇವಸ್ಥಾನ, ಅವನ ಗದ್ದುಗೆ, ಮೂರೂ ಒಂದೇ ದಿನದ ನಡಿಗೆಯಲ್ಲಿ. ಜೀಪಿನ ಕಿಟಕಿಯಿಂದ ಇದು ಅರ್ಥವಾಗುವುದಿಲ್ಲ, ನಡೆದರೇ ಅರ್ಥವಾಗುವುದು. ಗದ್ದುಗೆಯ ಕಿಟಕಿಗಳ ಹಿತ್ತಾಳೆ ಸರಳಿನ ಕೆಲಸ ನೋಡಿ. ಸಂಜೆ ಐದರೊಳಗೆ ಮುಗಿಸಿಕೊಳ್ಳಿ.

ಸಮಯ ಮುಗಿಯುತ್ತಿದೆ ಅಂತ ಸನ್ನೆ ಮಾಡುತ್ತಿದ್ದಾರೆ. ಭೂಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ತಿಮ್ಮಯ್ಯನವರ ಮನೆ ಸನ್ನಿಸೈಡ್ 2021ರಿಂದ ಮ್ಯೂಸಿಯಂ ಆಗಿದೆ. ಅದಕ್ಕೆ ಇನ್ನೊಂದು ದಿನವೇ ಇಡಿ. ಜೂನ್ ಕಳೆದ ಮೇಲೆ ಕೋಟೆಯ ಕಲ್ಲಿನ ಮೇಲೆ ಪಾಚಿ ಕಟ್ಟುತ್ತದೆ, ನಯ ಅಡಿಯ ಚಪ್ಪಲಿ ಬೇಡ. ಹುಲ್ಲಿಗೆ ಇಳಿದರೆ ಜಿಗಣೆ ಹತ್ತುತ್ತದೆ. ಎಳೆದು ಕೀಳಬೇಡಿ, ಚಿಟಿಕೆ ಉಪ್ಪು ಹಾಕಿ, ತಾನೇ ಬಿಡುತ್ತದೆ.

ನಾಳೆ ಶುಕ್ರವಾರ, ಮಡಿಕೇರಿ ಸಂತೆ. ನೆಂಟರನ್ನು ಅಲ್ಲಿಗೂ ಕರೆದುಕೊಂಡು ಹೋಗಿ, ಪರಂಗಿ ಮೆಣಸು, ಅಂದರೆ ಸೂಜಿಮೆಣಸು ತೋರಿಸಿ, ಹಣ್ಣಿನ ರಸ ಕುದಿಸಿ ಮಾಡುವ ನಮ್ಮ ಕೊಡಗಿನ ಹುಳಿ ಕಾಚಂಪುಳಿಯ ಬಾಟಲಿ ಓರೆ ಮಾಡಿಸಿ. ಚೆನ್ನಾಗಿ ಕುದಿಸಿದ್ದು ಕಪ್ಪಗೆ, ಮಂದವಾಗಿ, ನಿಧಾನಕ್ಕೆ ಜಾರುತ್ತದೆ. ನೀರಿನ ಹಾಗೆ ಓಡಿದರೆ ಕೊಳ್ಳಬೇಡಿ. ಹಾಂ, ಸಂತೆಗೂ ನಡೆದೇ ಹೋಗಿ, ಶುಕ್ರವಾರ ಅಲ್ಲಿ ಗಾಡಿ ನಿಲ್ಲಿಸುವುದಕ್ಕೆ ಜಾಗ ಸಿಗುವುದಿಲ್ಲ. ನಮಸ್ಕಾರ.