ಬೆಟ್ಟಕ್ಕೆ ಯಾವಾಗ ಹೋಗೋಣ?

ಕೇಳುಗರೆಲ್ಲರಿಗೂ ನಮಸ್ಕಾರ.

ಬೆಟ್ಟದ ಮೇಲಿನ ರಾಷ್ಟ್ರೀಯ ಉದ್ಯಾನಗಳನ್ನು ಸುತ್ತುವವರಿಗೆ ಜನ ಮೊದಲು ಕೇಳುವುದು ಒಂದೇ ಪ್ರಶ್ನೆ: ಹೋಗಲು ಯಾವ ತಿಂಗಳು ಒಳ್ಳೆಯದು? ಸಿಗುವ ಉತ್ತರವೂ ಹೆಚ್ಚುಕಡಿಮೆ ಒಂದೇ. ಅಕ್ಟೋಬರ್‌ನಿಂದ ಮಾರ್ಚ್. ಈ ಉತ್ತರ ಬಯಲಿನ ಕಾಡಿಗೂ ನಡೆಯುತ್ತದೆ, ಕಡಲತೀರಕ್ಕೂ ನಡೆಯುತ್ತದೆ. ಬೆಟ್ಟದಲ್ಲಿ ಮಾತ್ರ ಎಡವುತ್ತದೆ. ಉತ್ತರಾಖಂಡದ ಹೂಕಣಿವೆ, ಅಂದರೆ ವ್ಯಾಲಿ ಆಫ್ ಫ್ಲವರ್ಸ್, ಅಕ್ಟೋಬರ್ 31ಕ್ಕೆ ಬಾಗಿಲು ಹಾಕಿದರೆ ಮತ್ತೆ ತೆಗೆಯುವುದು ಜೂನ್ 1ಕ್ಕೆ. ಕೇರಳದ ಇರವಿಕುಲಂ ಸಾಮಾನ್ಯವಾಗಿ ಫೆಬ್ರವರಿ, ಮಾರ್ಚ್‌ನಲ್ಲಿ ಪ್ರವಾಸಿಗರನ್ನು ಒಳಗೇ ಬಿಡುವುದಿಲ್ಲ. ಲಡಾಖ್‌ನ ಹೆಮಿಸ್‌ಗೆ ಹಿಮ ಚಿರತೆ ಹುಡುಕಿಕೊಂಡು ಹೋಗುವವರಂತೂ ನಡುಗುವ ಚಳಿಯ ತಿಂಗಳನ್ನೇ ಕಾದು ಹೋಗುತ್ತಾರೆ. ಹೂವು ಬೇಕೋ, ಪ್ರಾಣಿ ಬೇಕೋ, ದೂರದ ಶಿಖರ ಸ್ವಚ್ಛವಾಗಿ ಕಾಣಬೇಕೋ, ಸುಮ್ಮನೆ ನಡೆದಾಡಬೇಕೋ? ಅದು ತೀರ್ಮಾನವಾಗುವ ತನಕ ತಿಂಗಳ ಹೆಸರು ಹೇಳುವುದರಲ್ಲಿ ಅರ್ಥವಿಲ್ಲ ಅಂತ ನನಗನ್ನಿಸುತ್ತದೆ.

ಬಯಲಿನ ಊರಿನಲ್ಲಿ ಒಂದು ಹೊತ್ತಿಗೆ ಒಂದೇ ಋತು. ಬೆಟ್ಟದಲ್ಲಿ ಹಾಗಲ್ಲ. ಸಾವಿರ ಮೀಟರ್ ಮೇಲೇರಿದರೆ ತಾಪಮಾನ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಸಿಕ್ಕಿಂನ ಕಾಂಚನಜುಂಗಾ ರಾಷ್ಟ್ರೀಯ ಉದ್ಯಾನವನ್ನೇ ತೆಗೆದುಕೊಳ್ಳಿ. ಅದರ ತಗ್ಗು ಜಾಗ 1,220 ಮೀಟರ್‌ನಲ್ಲಿದ್ದರೆ ನೆತ್ತಿ 8,586 ಮೀಟರ್‌ನಲ್ಲಿದೆ. ಒಂದೇ ಉದ್ಯಾನದ ಬುಡಕ್ಕೂ ತುದಿಗೂ ಏಳು ಕಿಲೋಮೀಟರ್‌ಗಿಂತ ಹೆಚ್ಚಿನ ಎತ್ತರದ ಅಂತರ. ಕೆಳಗಿನ ಕಾಡಿನಲ್ಲಿ ಬೆವರು ಒರೆಸಿಕೊಳ್ಳುವ ದಿನವೇ ಮೇಲೆ ಹಿಮ ಕಲ್ಲಿನಂತೆ ಗಟ್ಟಿಯಾಗಿರುತ್ತದೆ. ಅಲ್ಲಿ "ಏಪ್ರಿಲ್‌ನಲ್ಲಿ ಹವೆ ಹೇಗಿರುತ್ತದೆ" ಅಂತ ಕೇಳಿದರೆ, ಎಷ್ಟು ಎತ್ತರದಲ್ಲಿ ಅಂತ ಮರುಪ್ರಶ್ನೆ ಹಾಕಬೇಕಾಗುತ್ತದೆ.

ಇದರಿಂದ ಒಂದು ಅನುಕೂಲವೂ ಇದೆ. ವಸಂತ ಬೆಟ್ಟವನ್ನು ಕೆಳಗಿನಿಂದ ಮೇಲಕ್ಕೆ ಹತ್ತುತ್ತಾ ಹೋಗುತ್ತದೆ. ಹಿಮಾಲಯದ ರೋಡೋಡೆಂಡ್ರನ್ ಗಿಡಗಳು ತಗ್ಗಿನಲ್ಲಿ ಮೊದಲು ಅರಳಿ, ಅಲ್ಲಿ ಹೂವು ಉದುರುವ ಹೊತ್ತಿಗೆ ಮೇಲಿನ ಇಳಿಜಾರಿನಲ್ಲಿ ಮೊಗ್ಗು ಬಿರಿಯುತ್ತದೆ. ಆಂಡ್ರ್ಯೂ ಹಾಪ್‌ಕಿನ್ಸ್ ಎಂಬ ಅಮೆರಿಕದ ಕೀಟವಿಜ್ಞಾನಿ ನೂರು ವರ್ಷದ ಹಿಂದೆಯೇ ಇದಕ್ಕೊಂದು ಅಂದಾಜು ಲೆಕ್ಕ ಕೊಟ್ಟಿದ್ದ: ನಾನೂರು ಅಡಿ ಮೇಲೇರಿದರೆ ವಸಂತ ನಾಲ್ಕು ದಿನ ತಡ. ಅವನು ಹೇಳಿದ್ದು ಉತ್ತರ ಅಮೆರಿಕದ ಮಾತು, ಎಲ್ಲ ಬೆಟ್ಟಕ್ಕೂ ಅಳತೆ ಹಿಡಿದು ಒಪ್ಪಿಸಲಾಗದು. ಆದರೂ ಹೂವಿನ ಸಮಯ ತಪ್ಪಿಹೋಯಿತು ಅಂತ ಪ್ರವಾಸವನ್ನೇ ಕೈಬಿಡುವ ಮುನ್ನ ನೆನಪಿಡಬೇಕಾದ ಲೆಕ್ಕ ಇದು. ಎರಡು ವಾರ ತಡವಾಗಿದ್ದರೆ ಇನ್ನೂ ಸ್ವಲ್ಪ ಮೇಲಕ್ಕೆ ಹೋದರಾಯಿತು.

ಇನ್ನು ಮಳೆಯ ವಿಚಾರ. ಬೆಟ್ಟ ಅಂದಮೇಲೆ ಮಳೆಗೆ ಮುಖ ಕೊಟ್ಟ ಒಂದು ಮಗ್ಗುಲಿರುತ್ತದೆ, ಬೆನ್ನು ಕೊಟ್ಟ ಇನ್ನೊಂದು ಮಗ್ಗುಲಿರುತ್ತದೆ. ಸಮುದ್ರದ ಗಾಳಿ ಬೆಟ್ಟಕ್ಕೆ ಅಡ್ಡ ಬಂದು, ಮೇಲೆ ತಳ್ಳಿಸಿಕೊಂಡು, ತಣ್ಣಗಾಗಿ ಸುರಿದುಬಿಡುತ್ತದೆ. ಆಚೆ ಬದಿಗೆ ಇಳಿಯುವಾಗ ಅದರಲ್ಲಿ ನೀರೇ ಉಳಿದಿರುವುದಿಲ್ಲ. ಕುದುರೆಮುಖದ ಸೀಮೆಯಲ್ಲಿ ವರ್ಷಕ್ಕೆ ಸುಮಾರು 7,000 ಮಿಲಿಮೀಟರ್ ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಲೇಹ್ ಪಟ್ಟಣದಲ್ಲಿ ಇಡೀ ವರ್ಷಕ್ಕೆ ಬೀಳುವುದು 100 ಮಿಲಿಮೀಟರ್ ಆಸುಪಾಸು. ಜುಲೈ ತಿಂಗಳು ಎರಡೂ ಕಡೆ ಜುಲೈಯೇ. ಒಂದು ಕಡೆ ಮುಂದೆ ನಡೆಯುವವನ ಬೆನ್ನು ಮಂಜಿನಲ್ಲಿ ಕರಗಿಹೋಗುತ್ತದೆ. ಕಾಲುಚೀಲದ ನೂಲಿನ ಸಂದಿಯಲ್ಲಿ ಇಂಬಳ ದಾರಿ ಹುಡುಕುತ್ತಿರುತ್ತದೆ. ಇನ್ನೊಂದು ಕಡೆ ತುಟಿ ಒಡೆದು ಧೂಳು ಮೆತ್ತಿಕೊಳ್ಳುತ್ತದೆ. ಮಳೆಗಾಲದಲ್ಲಿ ಬೆಟ್ಟಕ್ಕೆ ಹೋಗಬೇಡಿ ಅನ್ನುವ ಬುದ್ಧಿಮಾತು ಅರ್ಧ ದೇಶಕ್ಕೆ ಹೊಂದೀತು, ಇನ್ನರ್ಧಕ್ಕೆ ಹೊಂದದು.

ಮಳೆಯನ್ನು ತಪ್ಪಿಸಿದರೆ ಕೆಲವನ್ನು ನೋಡಲಿಕ್ಕೇ ಆಗುವುದಿಲ್ಲ. ಹೂಕಣಿವೆ ಹೊರಜಗತ್ತಿಗೆ ಹೆಸರಾದದ್ದೇ ಮಳೆಗಾಲದಲ್ಲಿ. 1931ರಲ್ಲಿ ಕಾಮೆಟ್ ಶಿಖರ ಹತ್ತಿ ಮರಳುತ್ತಿದ್ದ ಬ್ರಿಟಿಷ್ ಪರ್ವತಾರೋಹಿ ಫ್ರಾಂಕ್ ಸ್ಮೈತ್ ಮತ್ತವರ ಸಂಗಡಿಗರು ಮಳೆಯಲ್ಲಿ ನೆನೆಯುತ್ತಾ ಕಣಿವೆಗೆ ಇಳಿದಾಗ ಅಲ್ಲಿ ಹೂವು ತುಂಬಿತ್ತು. ಜೂನ್ ಮೊದಲ ವಾರ ಹೋದವರಿಗೆ ದಾರಿಯಲ್ಲಿ ಹಿಮದ ಹಾಸು ಸಿಗುತ್ತದೆ, ಹೂವು ಅಷ್ಟಕ್ಕಷ್ಟೇ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಅದರ ತುಂಬುಗಾಲ. ಅದೇ ವಾರಗಳಲ್ಲಿ ಅಲ್ಲಿಗೆ ಹೋಗುವ ಬದರೀನಾಥದ ರಸ್ತೆಯಲ್ಲಿ ಗುಡ್ಡ ಕುಸಿಯುತ್ತದೆ. ಕಣಿವೆಯೊಳಗೆ ರಾತ್ರಿ ಉಳಿಯಲು ಬಿಡುವುದಿಲ್ಲ, ಕೆಳಗಿನ ಘಾಂಗ್ರಿಯಾ ಊರಿಗೆ ವಾಪಸು ಬರಲೇಬೇಕು. ಹಾಗಾಗಿ ಒಂದು ದಿನ ಜಡಿಮಳೆ ಹಿಡಿದರೆ ಆ ದಿನ ಹೋದಂತೆಯೇ. ಕೈಯಲ್ಲಿ ಎರಡು ದಿನ ಹೆಚ್ಚಿಗೆ ಇಟ್ಟುಕೊಳ್ಳಲಾಗದವರು ಹೂಕಣಿವೆಗೆ ಹೋಗಬಾರದು ಅಂತ ನಾನು ಖಡಾಖಂಡಿತವಾಗಿ ಹೇಳುತ್ತೇನೆ. ರಜೆ ಮೂರೇ ದಿನ ಅನ್ನುವವರಿಗೆ ಬೇರೆ ಬೆಟ್ಟಗಳಿವೆ.

ನೋಟ ಬೇಕು ಅನ್ನುವವರು ಮಳೆ ಹಿಂದೆ ಸರಿದ ಮೇಲೆ ಹೊರಡಬೇಕು. ನಾಲ್ಕು ತಿಂಗಳ ಮಳೆ ಗಾಳಿಯಲ್ಲಿನ ಧೂಳು, ಹೊಗೆಯನ್ನೆಲ್ಲ ತೊಳೆದುಬಿಟ್ಟಿರುತ್ತದೆ. ನೇಪಾಳದ ಸಾಗರಮಾಥಾ ರಾಷ್ಟ್ರೀಯ ಉದ್ಯಾನದಲ್ಲಿ ಅಕ್ಟೋಬರ್, ನವೆಂಬರ್‌ನಲ್ಲಿ ಕಿಕ್ಕಿರಿದು ಜನ ಸೇರುವುದು ಇದಕ್ಕೇ. ದೂರದ ಬೆಟ್ಟ ನುಣ್ಣಗೆ ಅನ್ನುವ ಗಾದೆ ಕಟ್ಟಿದವರು ಇಂಥ ದಿನಗಳಲ್ಲೇ ಕಟ್ಟಿರಬೇಕು, ಏಪ್ರಿಲ್ ಬಿಸಿಲಿನ ಮಬ್ಬಿನಲ್ಲಿ ಎಷ್ಟೋ ಸಲ ದೂರದ ಬೆಟ್ಟ ಇದೆಯೋ ಇಲ್ಲವೋ ಅನ್ನುವುದೇ ತಿಳಿಯುವುದಿಲ್ಲ. ಪಶ್ಚಿಮ ಘಟ್ಟದಲ್ಲಾದರೆ ಲೆಕ್ಕ ತುಸು ಬೇರೆ. ಹಸ್ತ, ಚಿತ್ತೆ ಮಳೆಗಳು ಅಕ್ಟೋಬರ್‌ನಲ್ಲೂ ಸಂಜೆ ಹೊತ್ತು ಗುಡುಗು ಹೊತ್ತುಕೊಂಡು ಬರುತ್ತವೆ. ಸ್ವಾತಿ ಮಳೆ ಮುಗಿದ ಮೇಲೆ, ಅಂದರೆ ನವೆಂಬರ್‌ನ ಎರಡನೇ ವಾರದ ಹೊತ್ತಿಗೆ ಆಕಾಶ ತಿಳಿಯಾಗುತ್ತದೆ. ತೊರೆಗಳಲ್ಲಿ ಇನ್ನೂ ನೀರಿರುತ್ತದೆ, ಹುಲ್ಲು ಪೂರ್ತಿ ಒಣಗಿರುವುದಿಲ್ಲ, ಇಂಬಳ ಕಡಿಮೆಯಾಗಿರುತ್ತದೆ. ಒಂದೇ ಒಂದು ಕಾಲ ಹೇಳು ಅಂತ ಪಟ್ಟುಹಿಡಿದರೆ ಕುದುರೆಮುಖಕ್ಕೆ ನಾನು ಈ ಮೂರು ನಾಲ್ಕು ವಾರಗಳನ್ನು ಹೇಳುತ್ತೇನೆ.

ಸಂಕ್ರಾಂತಿ ಕಳೆಯಿತು ಅಂದರೆ ಅದೇ ಬೆಟ್ಟದ ಚಿತ್ರ ಬದಲಾಗುತ್ತದೆ. ಸೊಂಟದೆತ್ತರದ ಹುಲ್ಲು ಒಣಗಿ ಬಿಳಿಚಿಕೊಳ್ಳುತ್ತದೆ, ನಡುವೆ ಕಣಿವೆಯ ಮಡಿಲಲ್ಲಿ ಶೋಲಾ ಕಾಡು ಮಾತ್ರ ಕಡುಹಸಿರಾಗಿ ಉಳಿದಿರುತ್ತದೆ. ಗಾಳಿ ಬಲವಾಗಿದ್ದು ಒಂದು ಬೀಡಿಯ ತುದಿ ಬಿದ್ದರೆ ಸಾಕು, ಬೆಂಕಿ ಗುಡ್ಡದಿಂದ ಗುಡ್ಡಕ್ಕೆ ಓಡುತ್ತದೆ. ಹುಲ್ಲು ಮತ್ತೆ ಚಿಗುರೀತು. ಶೋಲಾದ ಅಂಚಿನ ಎಳೆ ಸಸಿ ಸುಟ್ಟರೆ ಅಷ್ಟು ಬೇಗ ಮೇಲೇಳುವುದಿಲ್ಲ. ಅದಕ್ಕೇ ಅರಣ್ಯ ಇಲಾಖೆಯವರು ಬೇಸಿಗೆಗೆ ಮೊದಲೇ ಬೆಂಕಿರೇಖೆ ಕಡಿಯುತ್ತಾರೆ. ಗುಡ್ಡದ ಏಣಿನುದ್ದಕ್ಕೂ ಹುಲ್ಲು ಸವರಿ, ಕಂಡಷ್ಟು ದೂರ ಒಂದು ಬೋಳು ಪಟ್ಟಿ ಬಿಡುತ್ತಾರೆ. ಬೆಂಕಿ ಕಾವಲಿಗೆ ಆಳುಗಳನ್ನು ನೇಮಿಸುತ್ತಾರೆ. ಬೆಂಕಿಯ ಭಯ ಹೆಚ್ಚಾದ ವರ್ಷಗಳಲ್ಲಿ ಚಾರಣವನ್ನೇ ನಿಲ್ಲಿಸುತ್ತಾರೆ. ಪ್ರವಾಸ ಗೊತ್ತುಮಾಡಿಕೊಂಡವರಿಗೆ ಇದರಿಂದ ಸಿಟ್ಟು ಬರುತ್ತದೆ. ಬರಬಾರದು. ಆ ದಿನಗಳಲ್ಲಿ ಕಾವಲಿನವನ ಕಣ್ಣು ಬೆಟ್ಟದ ಮೇಲಿರಬೇಕು, ನಮ್ಮ ಮೇಲಲ್ಲ. ಏಪ್ರಿಲ್‌ನ ಮೊದಲ ಮಳೆ ಬಿದ್ದಮೇಲೆ ಎಳೆಹುಲ್ಲು ಮೇಯಲು ಕಾಟಿಗಳು ಕಾಡಿನಂಚಿಗೆ ಬರುತ್ತವೆ. ದಾರಿ ತೆರೆದಿದ್ದರೆ ಅದೊಂದು ಬೇರೆಯೇ ಭಾಗ್ಯ.

ಪ್ರಾಣಿಗಳ ಪಂಚಾಂಗವನ್ನು ನೋಡದೆ ತಿಂಗಳು ಗೊತ್ತುಮಾಡುವವರೇ ಹೆಚ್ಚು. ಇರವಿಕುಲಂ ಮುಚ್ಚುವುದು ಅಲ್ಲಿನ ನೀಲಗಿರಿ ತಾರ್, ಅಂದರೆ ಆ ಕಾಡಾಡುಗಳು, ಮರಿ ಹಾಕುವ ಕಾಲಕ್ಕೆ. ತಾಯಿ ಮರಿಯ ಪಕ್ಕ ನಿಂತಿರುವಾಗ ಬಸ್ಸುಗಟ್ಟಲೆ ಜನ ಬರಬಾರದು ಅಂತ. ಬಾಗಿಲು ತೆಗೆದ ಕೂಡಲೆ, ಏಪ್ರಿಲ್‌ನಲ್ಲಿ ಹೋದವರಿಗೆ ಬಂಡೆಯ ಮೇಲೆ ಕುಪ್ಪಳಿಸುವ ಮರಿಗಳು ಕಾಣಸಿಗುತ್ತವೆ. ಹೆಮಿಸ್‌ನಲ್ಲಿ ಇದು ತಲೆಕೆಳಗು. ಚಳಿಗಾಲದಲ್ಲಿ ಎತ್ತರದ ಮೇವು ಹಿಮದಡಿ ಹೂತುಹೋದಾಗ ಭರಲ್ ಕುರಿಗಳು ಕೆಳಗಿಳಿಯುತ್ತವೆ, ಅವುಗಳ ಬೆನ್ನುಹತ್ತಿ ಹಿಮ ಚಿರತೆಯೂ ಇಳಿಯುತ್ತದೆ. ಜನವರಿಯಿಂದ ಮಾರ್ಚ್ ಅವು ಜೋಡಿಯಾಗುವ ಕಾಲವೂ ಹೌದು, ಓಡಾಟ ಜಾಸ್ತಿ. ಬೇಸಿಗೆಯಲ್ಲಿ ಹೋದರೆ ಹೆಮಿಸ್‌ನ ಕಣಿವೆಗಳಲ್ಲಿ ಸುಖವಾಗಿ ನಡೆದಾಡಬಹುದು, ಚಿರತೆ ಮಾತ್ರ ಮೇಲೆಲ್ಲೋ ಇರುತ್ತದೆ. ಅಮೆರಿಕದ ರಾಕಿ ಮೌಂಟನ್ ರಾಷ್ಟ್ರೀಯ ಉದ್ಯಾನದಲ್ಲಿ ಸೆಪ್ಟೆಂಬರ್, ಅಕ್ಟೋಬರ್ ಬಂತೆಂದರೆ ಎಲ್ಕ್ ಎಂಬ ದೊಡ್ಡ ಜಿಂಕೆಯ ಗಂಡುಗಳು ಬಯಲಿಗಿಳಿದು ಕೂಗುತ್ತವೆ. ಅಷ್ಟು ದೊಡ್ಡ ಮೈಯಿಂದ ಅಷ್ಟು ಕೀಚಲು ಕೂಗು ಹೊರಡುತ್ತದೆ ಅಂದರೆ ಕೇಳದವರು ನಂಬುವುದಿಲ್ಲ.

ಪಂಚಾಂಗ ಎಷ್ಟೇ ನಿಖರವಾಗಿರಲಿ, ಬೆಟ್ಟ ಅದನ್ನು ಮುರಿಯುತ್ತದೆ. ಇರವಿಕುಲಂನ ನೀಲಕುರಿಂಜಿ ಹನ್ನೆರಡು ವರ್ಷಕ್ಕೊಮ್ಮೆ ಅರಳುತ್ತದೆ. 2006ರಲ್ಲಿ ಅರಳಿತ್ತು, ಮುಂದಿನ ಸರದಿ 2018. ಹನ್ನೆರಡು ವರ್ಷ ಕಾದವರಿಗೆ ಆ ಆಗಸ್ಟ್‌ನಲ್ಲಿ ಸಿಕ್ಕಿದ್ದು ಕೇರಳದ ಮಹಾಪ್ರವಾಹ. ಮುನ್ನಾರ್‌ನ ರಸ್ತೆಗಳು ಕುಸಿದವು, ಹೋಗುವ ದಾರಿಯೇ ಇಲ್ಲವಾಯಿತು. ಮಳೆ ಹೊಳವಾದ ಮೇಲೆ ಹೂವು ಅರಳಿತು, ಕಾದು ಉಳಿದ ಕೆಲವರು ನೋಡಿದರು. ಮುಂದಿನದು 2030ಕ್ಕೆ.

ಭೂಮಿಯ ಬೇರೆ ಭಾಗಕ್ಕೆ ಹೋಗುವವರಿಗೆ ಎರಡು ಮಾತು. ಟಾಂಜಾನಿಯಾದ ಕಿಲಿಮಂಜಾರೋ ಸಮಭಾಜಕ ವೃತ್ತಕ್ಕೆ ಹತ್ತಿರ ಇರುವುದರಿಂದ ಅಲ್ಲಿ ಬೇಸಿಗೆ, ಚಳಿಗಾಲ ಅನ್ನುವ ಭೇದಕ್ಕಿಂತ ಒಣಗಾಲ, ಮಳೆಗಾಲದ ಭೇದ ದೊಡ್ಡದು. ಮಾರ್ಚ್‌ನಿಂದ ಮೇ ದೊಡ್ಡ ಮಳೆ, ನವೆಂಬರ್ ಸುಮಾರಿಗೆ ಸಣ್ಣ ಮಳೆ. ಇವೆರಡನ್ನು ಬಿಟ್ಟು ಹೋಗುವುದು ರೂಢಿ. ಚಿಲಿ ದೇಶದ ಟೊರೆಸ್ ದೆಲ್ ಪೈನೆಯಲ್ಲಿ ಡಿಸೆಂಬರ್, ಜನವರಿಗೆ ಬೇಸಿಗೆ. ಹಗಲು ಉದ್ದ, ಚಳಿ ಕಡಿಮೆ. ಗಾಳಿ ಮಾತ್ರ ಆಗಲೇ ಅತಿ ಜೋರು, ಗಂಟೆಗೆ ನೂರು ಕಿಲೋಮೀಟರ್ ದಾಟುವುದುಂಟು. ಬೇಸಿಗೆ ಅಂದರೆ ಸೌಮ್ಯ ಹವೆ ಅಂದುಕೊಂಡು ಹೋದವರ ಡೇರೆಗಳ ಪಾಡು ಕೇಳಬೇಡಿ.

ರಸ್ತೆ ಯಾವಾಗ ತೆರೆಯುತ್ತದೆ ಅನ್ನುವುದನ್ನು ಹಿಮ ತೀರ್ಮಾನಿಸುತ್ತದೆ. ಅಮೆರಿಕದ ಗ್ಲೇಷಿಯರ್ ರಾಷ್ಟ್ರೀಯ ಉದ್ಯಾನವನ್ನು ಅಡ್ಡ ಹಾಯುವ ಬೆಟ್ಟದ ರಸ್ತೆ ಸಾಮಾನ್ಯವಾಗಿ ಪೂರ್ತಿ ತೆರೆಯುವುದು ಜೂನ್ ಕೊನೆಗೆ, ಕೆಲವು ವರ್ಷ ಜುಲೈ ನಡುವಿಗೆ. ಯಂತ್ರಗಳು ಹಿಮ ಕೊರೆದು ಮುಗಿಸಿದ ದಿನವೇ ಅಲ್ಲಿನ ತಾರೀಕು. ರಾಕಿ ಮೌಂಟನ್‌ನಲ್ಲಿ 3,713 ಮೀಟರ್ ತನಕ ಏರುವ ರಸ್ತೆಯೂ ಚಳಿಗಾಲ ಪೂರ್ತಿ ಮುಚ್ಚಿರುತ್ತದೆ. ತೆರೆದ ವಾರವೇ ಹೋದರೆ ರಸ್ತೆಯ ಇಬ್ಬದಿಗೂ ಹಿಮದ ಗೋಡೆ ನೋಡಬಹುದು. ಕಾಲುದಾರಿಗಳಲ್ಲಿ ಮಾತ್ರ ಹಿಮ ಇನ್ನೂ ಹಲವು ವಾರ ಕರಗಿರುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ತಿಂಗಳಿಗಿಂತ ಹೊತ್ತು ಮುಖ್ಯ ಅನ್ನುವುದು ನನ್ನ ಅಭಿಪ್ರಾಯ. ಬೆಳಗಿನ ಬಿಸಿಲಿಗೆ ಇಳಿಜಾರು ಕಾಯುತ್ತದೆ. ಕಾದ ಗಾಳಿ ಬೆಟ್ಟದ ಮೈಯನ್ನೇ ಸವರಿಕೊಂಡು ಮೇಲೇರುತ್ತದೆ, ಮೇಲೆ ಹೋಗಿ ತಣ್ಣಗಾಗಿ ಮೋಡ ಕಟ್ಟುತ್ತದೆ. ಹನ್ನೊಂದು ಗಂಟೆಗೆ ಶಿಖರದ ಪಕ್ಕ ಹತ್ತಿಯ ಉಂಡೆಯಂಥ ಒಂದು ತುಣುಕು. ಒಂದೂವರೆಗೆ ಶಿಖರವೇ ಇಲ್ಲ. ಮೂರಕ್ಕೆ ಗುಡುಗು. ಬಿಸಿಲಿನ ತಿಂಗಳುಗಳಲ್ಲಿ ಎಷ್ಟೋ ಬೆಟ್ಟಗಳಲ್ಲಿ ದಿನ ಬಿಟ್ಟು ದಿನ ನಡೆಯುವ ಸಂಗತಿ ಇದು. ರಾಕಿ ಬೆಟ್ಟಗಳಲ್ಲಿ ಮಧ್ಯಾಹ್ನದೊಳಗೆ ಮರಗಳಿರುವ ಮಟ್ಟಕ್ಕೆ ಇಳಿದುಬಿಡಿ ಅಂತ ರೇಂಜರ್‌ಗಳು ಎಚ್ಚರಿಸುವುದು ಸಿಡಿಲಿಗೆ ಹೆದರಿ. ಹಿಮಾಲಯದ ತೊರೆಗಳೂ ಇದೇ ಗಡಿಯಾರಕ್ಕೆ ಹರಿಯುತ್ತವೆ. ಬೆಳಗ್ಗೆ ಮೀನಖಂಡದವರೆಗೆ ಇದ್ದ ನೀರು, ಹಿಮ ಕರಗಿ ಇಳಿದು, ಮಧ್ಯಾಹ್ನ ದಾಟಲಾರದಷ್ಟು ಸೆಳೆತಕ್ಕೆ ಬಂದಿರುತ್ತದೆ. ನವೆಂಬರ್‌ನಲ್ಲಿ ಹೋಗಿ ಹತ್ತು ಗಂಟೆಗೆ ಏಳುವವರಿಗಿಂತ ಮೇ ತಿಂಗಳಿನಲ್ಲಿ ಹೋಗಿ ನಾಲ್ಕಕ್ಕೆ ಎದ್ದು ಹೊರಡುವವರಿಗೆ ಬೆಟ್ಟ ಹೆಚ್ಚು ಕಾಣುತ್ತದೆ.

ಹೊರಡುವ ವಾರ ಉದ್ಯಾನದ ಕಚೇರಿಗೆ ಒಂದು ಫೋನು ಮಾಡಿ. "ಈಗ ಬಂದರೆ ಚೆನ್ನಾಗಿರುತ್ತದಾ" ಅಂತ ಕೇಳಿದರೆ ಆ ಕಡೆಯವರು "ಬನ್ನಿ ಸಾರ್" ಅನ್ನುತ್ತಾರೆ, ಪಾಪ, ಇನ್ನೇನು ಅಂದಾರು. ಅದರ ಬದಲು ದಾರಿ ಎಲ್ಲಿಯವರೆಗೆ ತೆರೆದಿದೆ, ಬೆಂಕಿ ಅಥವಾ ಹಿಮದಿಂದ ಯಾವ ಭಾಗ ಮುಚ್ಚಿದೆ, ದಿನಕ್ಕೆ ಎಷ್ಟು ಜನರನ್ನು ಬಿಡುತ್ತಾರೆ, ಕಳೆದ ನಾಲ್ಕು ದಿನ ಮಧ್ಯಾಹ್ನ ಮಳೆ ಬಂತಾ ಅಂತ ಕೇಳಿ. ಉತ್ತರ ಒಪ್ಪಿಗೆಯಾಗದಿದ್ದರೆ ಟಿಕೆಟ್ ಮುಂದಕ್ಕೆ ಹಾಕಿಸಿಕೊಳ್ಳಿ.

ನಮಸ್ಕಾರ.