ನಡುವಿನ ದನಿಯ ಬೆನ್ನು ಹತ್ತಿ

ಕೇಳುಗರಿಗೆಲ್ಲ ನಮಸ್ಕಾರ.

ಪಶ್ಚಿಮದ ಶಾಸ್ತ್ರೀಯ ಸಂಗೀತ ಅಂದರೆ ನಮ್ಮ ಕಡೆ ಹೆಚ್ಚಿನವರ ಕಣ್ಣ ಮುಂದೆ ಬರುವುದು ದೊಡ್ಡ ಆರ್ಕೆಸ್ಟ್ರಾ. ಹತ್ತಾರು ವಾದ್ಯ, ಮುಂದೆ ಕೋಲು ಹಿಡಿದು ನಿಂತ ಒಬ್ಬರು. ಇವತ್ತಿನ ಮಾತು ಅದರ ಬಗ್ಗೆ ಅಲ್ಲ. ಮೂವರೋ ನಾಲ್ವರೋ ಎದುರುಬದುರು ಕೂತು ನುಡಿಸುವ ಸಂಗೀತ ಒಂದಿದೆ, ಅದಕ್ಕೆ ಚೇಂಬರ್ ಮ್ಯೂಸಿಕ್ ಅನ್ನುತ್ತಾರೆ. ಹಲವರು ಸೇರಿ ಬೇರೆ ಬೇರೆ ದನಿಯಲ್ಲಿ ಹಾಡುವ ಕ್ವಾಯರ್ ಸಂಗೀತ ಇನ್ನೊಂದು. ಇವುಗಳ ರೆಕಾರ್ಡಿಂಗುಗಳನ್ನು ಕಾರವಾರದಲ್ಲೋ ಶಿರಸಿಯಲ್ಲೋ ಮನೆಯಲ್ಲಿ ಕೂತು ಕೇಳುವುದು ಹೇಗೆ, ಅದನ್ನು ಹೇಳುತ್ತೇನೆ.

ನಮ್ಮ ಕಿವಿ ಪಳಗಿದ್ದು ಒಂದೇ ಹಾಡಿನ ಎಳೆ ಹಿಡಿದು ಹೋಗುವುದರಲ್ಲಿ. ಯಕ್ಷಗಾನದ ಪದ ಇರಲಿ, ಹಿಂದೂಸ್ತಾನಿ ಖಯಾಲ್ ಇರಲಿ, ಹಾಡು ಒಂದು, ಉಳಿದದ್ದೆಲ್ಲ ಅದಕ್ಕೆ ಆಸರೆ. ಕ್ವಾಯರ್‌ನಲ್ಲಿ ನಾಲ್ಕು ಹಾಡು ಒಟ್ಟಿಗೆ ನಡೆಯುತ್ತವೆ. ಎಲ್ಲಕ್ಕಿಂತ ಮೇಲಿನದು ಸೊಪ್ರಾನೊ, ಎಲ್ಲಕ್ಕಿಂತ ಕೆಳಗಿನದು ಬಾಸ್. ಇವೆರಡು ತಾವಾಗಿಯೇ ಕಿವಿಗೆ ಬೀಳುತ್ತವೆ. ನಡುವಿನ ಆಲ್ಟೊ, ಟೆನರ್ ಎರಡೂ ಕಳೆದುಹೋಗುತ್ತವೆ. ನಾನು ಹೇಳುವುದು ಇಷ್ಟೇ, ಆ ನಡುವಿನ ದನಿಯನ್ನು ಹುಡುಕಿ ಹಿಡಿಯಿರಿ. ಅದು ಸಿಕ್ಕಿತೆಂದರೆ ಗದ್ದಲ ಅನ್ನಿಸಿದ್ದು ಸಂಗೀತವಾಗುತ್ತದೆ. ಕಛೇರಿಯಲ್ಲಿ ದಾಟಿಹೋದ ಸ್ವರ ಮರಳಿ ಬರುವುದಿಲ್ಲ. ರೆಕಾರ್ಡಿಂಗ್ ಆದರೆ ಅದೇ ಸಾಲನ್ನು ಮತ್ತೆ ಮತ್ತೆ ಕೇಳಬಹುದು.

ಶುರು ಮಾಡಲು ವಿಯೆನ್ನಾದ ಸಂಗೀತಕಾರ ಶೂಬರ್ಟ್‌ನ ಸಿ ಮೇಜರ್ ಕ್ವಿಂಟೆಟ್, ಅಂದರೆ ಐದು ವಾದ್ಯಗಳ ಕೃತಿ, ತಗೊಳ್ಳಿ. 1828ರಲ್ಲಿ, ಸಾಯುವ ವರ್ಷವೇ ಬರೆದದ್ದು. ಆಗ ಅವನಿಗೆ 31 ವರ್ಷ. ಎರಡು ವಯಲಿನ್, ಅದಕ್ಕಿಂತ ತುಸು ದೊಡ್ಡದಾದ ಒಂದು ವಿಯೋಲಾ, ಇನ್ನೂ ದೊಡ್ಡದಾದ, ತಗ್ಗು ದನಿಯ ಎರಡು ಚೆಲ್ಲೊ. ಅದರ ಎರಡನೆಯ ಭಾಗ ತುಂಬ ನಿಧಾನ. ಮೊದಲ ವಯಲಿನ್ ಮೇಲೆ ಚಿಕ್ಕ ಚಿಕ್ಕ ಮಾತಾಡುತ್ತದೆ. ಎರಡನೆಯ ಚೆಲ್ಲೊ ಕೆಳಗೆ ತಂತಿ ಮೀಟುತ್ತದೆ. ನಡುವೆ ಮೂರು ವಾದ್ಯಗಳು ಉದ್ದುದ್ದ ಸ್ವರ ಹಿಡಿದಿರುತ್ತವೆ. ಹಿಂದೂಸ್ತಾನಿ ಕೇಳಿ ಬೆಳೆದ ಶಿರಸಿಯ ಗೆಳೆಯರೊಬ್ಬರು ಇದನ್ನು ಕೇಳಿ, ಆ ಮೂರು ವಾದ್ಯ ತಂಬೂರಿ ಇದ್ದ ಹಾಗೆ ಅಲ್ವಾ ಅಂದರು. ಹಾಗೆ ಅನ್ನಿಸುವುದು ಸಹಜ. ಆದರೆ ತಂಬೂರಿ ಕದಲುವುದಿಲ್ಲ, ಇವು ಕದಲುತ್ತವೆ. ಎಷ್ಟು ನಿಧಾನವಾಗಿ ಅಂದರೆ, ಸ್ವರ ಬದಲಾಗಿದ್ದು ಬದಲಾದ ಮೇಲೆಯೇ ಗೊತ್ತಾಗುತ್ತದೆ. ಅಲ್ಲಿ ನಿಜವಾದ ಹಾಡು ನಡುವಿನದೇ.

ಈ ಕೃತಿಯನ್ನು 1952ರಲ್ಲಿ ಫ್ರಾನ್ಸಿನ ಪ್ರಾದ್ ಅನ್ನುವ ಊರಿನಲ್ಲಿ ಚೆಲ್ಲೊ ನುಡಿಸುವ ಪಾಬ್ಲೊ ಕಸಾಲ್ಸ್, ಪೌಲ್ ತೋರ್ತೆಲಿಯೇ, ವಯಲಿನ್ ನುಡಿಸುವ ಐಸಾಕ್ ಸ್ಟರ್ನ್ ಮೊದಲಾದವರು ನುಡಿಸಿ ರೆಕಾರ್ಡ್ ಮಾಡಿದರು. ಇದಕ್ಕಿಂತ ಶುಚಿಯಾದ ರೆಕಾರ್ಡಿಂಗ್ ಆಮೇಲೆ ಬೇಕಾದಷ್ಟು ಬಂದಿವೆ. ಆದರೂ ನನ್ನ ಮನಸ್ಸು ಇದರಲ್ಲೇ. ಐದು ಜನ ಒಬ್ಬರನ್ನೊಬ್ಬರು ಕಾಯುವುದು ಇದರಲ್ಲಿ ಕೇಳಿಸುತ್ತದೆ.

ಹಳೆಯ ಕಾಲದ ಕಲಾವಿದರ ಕಷ್ಟವನ್ನು ಸ್ವಲ್ಪ ಹೇಳಲೇಬೇಕು. 1925ರ ಮುಂಚೆ ರೆಕಾರ್ಡಿಂಗಿಗೆ ಮೈಕ್ ಇರಲಿಲ್ಲ. ಒಂದು ಕೊಳವೆಯ ಬಾಯಿಗೆ ಎಲ್ಲರೂ ಮುತ್ತಿಕೊಂಡು ಹಾಡಬೇಕಿತ್ತು. ಚೆಲ್ಲೊದಂಥ ತಗ್ಗು ದನಿ ಸರಿಯಾಗಿ ಹಿಡಿಯುತ್ತಲೇ ಇರಲಿಲ್ಲ. ಮೈಕ್ ಬಂದ ಮೇಲೂ ರೆಕಾರ್ಡಿನ ದೊಡ್ಡ ತಟ್ಟೆಯ ಒಂದು ಬದಿಯಲ್ಲಿ ಹಿಡಿಯುತ್ತಿದ್ದದ್ದು ನಾಲ್ಕೈದು ನಿಮಿಷ ಮಾತ್ರ. 1928ರಲ್ಲಿ ಪಿಯಾನೊದಲ್ಲಿ ಕೊರ್ತೊ, ವಯಲಿನ್ನಿನಲ್ಲಿ ತಿಬೊ, ಚೆಲ್ಲೊದಲ್ಲಿ ಕಸಾಲ್ಸ್ ಮೂವರೂ ಬೀಥೋವನ್‌ನ ಆರ್ಚ್‌ಡ್ಯೂಕ್ ಟ್ರಯೊ ರೆಕಾರ್ಡ್ ಮಾಡಿದರು. ಅರ್ಧ ಗಂಟೆಗೂ ಜಾಸ್ತಿ ಉದ್ದದ ಕೃತಿ ಅದು. ನಾಲ್ಕು ನಿಮಿಷ ನುಡಿಸು, ನಿಲ್ಲಿಸು, ಮೇಣದ ತಟ್ಟೆ ಬದಲಿಸುವ ತನಕ ಕಾಯಿ, ಆಮೇಲೆ ಅದೇ ಲಯ ಅದೇ ಭಾವ ಹಿಡಿದು ಮುಂದುವರಿ. ಒಬ್ಬರು ತಪ್ಪಿದರೆ ಇಡೀ ಬದಿ ಮತ್ತೊಮ್ಮೆ. ಕತ್ತರಿಸಿ ಜೋಡಿಸುವ ಮಾತೇ ಇಲ್ಲ. ಇಷ್ಟೆಲ್ಲ ಆಗಿಯೂ ಅದನ್ನು ಕೇಳುವಾಗ ಮೂವರು ಒಂದೇ ಉಸಿರಿನಲ್ಲಿ ನುಡಿಸಿದಂತಿದೆ. 1948ರಲ್ಲಿ ಎಲ್‌ಪಿ ಅನ್ನುವ ಹೊಸ ಬಗೆಯ ತಟ್ಟೆ ಬಂತು, ಒಂದು ಬದಿಗೆ ಇಪ್ಪತ್ತು ನಿಮಿಷ ದಾಟಿತು. ಆ ಕಷ್ಟ ಅಲ್ಲಿಗೆ ಮುಗಿಯಿತು.

ಕ್ವಾಯರ್ ವಿಷಯಕ್ಕೆ ಬಂದರೆ ಹಾಡುವವರಷ್ಟೇ ಮುಖ್ಯ, ಅವರು ನಿಂತ ಜಾಗ. ಅಲ್ಲೆಗ್ರಿ ಅನ್ನುವವನು ರೋಮಿನಲ್ಲಿ ಪೋಪರ ಪ್ರಾರ್ಥನಾಮಂದಿರವಾದ ಸಿಸ್ಟೀನ್ ಚಾಪೆಲ್‌ಗಾಗಿ ಬರೆದ ಮಿಸೆರೆರೆ ಅನ್ನುವ ಪ್ರಾರ್ಥನೆ ಇದೆ. ಅದರಲ್ಲಿ ಎರಡು ಗುಂಪು. ಐದು ದನಿಯದ್ದು ಒಂದು, ನಾಲ್ಕು ದನಿಯದ್ದು ಇನ್ನೊಂದು. ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜಿನ ಕ್ವಾಯರ್ ಇದನ್ನು 1963ರಲ್ಲಿ ಇಂಗ್ಲಿಷ್ ಮಾತುಗಳಲ್ಲಿ ಹಾಡಿತು. ಅತಿ ಎತ್ತರದ ಸ್ವರ ಮುಟ್ಟಿದವನು ರಾಯ್ ಗುಡ್‌ಮನ್ ಎಂಬ ಹನ್ನೆರಡರ ಹುಡುಗ. 1980ರಲ್ಲಿ ಟ್ಯಾಲಿಸ್ ಸ್ಕಾಲರ್ಸ್ ತಂಡ ಆಕ್ಸ್‌ಫರ್ಡಿನ ಮರ್ಟನ್ ಕಾಲೇಜಿನ ಚಾಪೆಲ್‌ನಲ್ಲಿ ಲ್ಯಾಟಿನ್‌ನಲ್ಲೇ ಹಾಡಿತು. ಎರಡನ್ನೂ ಒಂದರ ಹಿಂದೆ ಒಂದು ಕೇಳಿ. ಹಾಡು ಅದೇ. ಆದರೆ ಕಲ್ಲಿನ ಗೋಡೆ, ಎತ್ತರದ ಚಾವಣಿ ಬೇರೆ, ಸ್ವರ ಆರಿಹೋಗುವ ರೀತಿಯೂ ಬೇರೆ. ಗೋಡೆಗಳು ಕೂಡ ಹಾಡುತ್ತವೆ. ಒಳ್ಳೆಯ ರೆಕಾರ್ಡಿಂಗ್ ಅದನ್ನು ಉಳಿಸಿಕೊಳ್ಳುತ್ತದೆ.

ಜರ್ಮನಿಯ ಸಂಗೀತಕಾರ ಬಾಖ್‌ನ ಸೇಂಟ್ ಮ್ಯಾಥ್ಯೂ ಪ್ಯಾಶನ್ ಕೇಳುವಾಗ ಮಾತ್ರ ಹೆಡ್‌ಫೋನ್ ಹಾಕಿಕೊಳ್ಳಿ. ಏಸುವಿನ ಕೊನೆಯ ದಿನಗಳ ಕತೆ ಅದು, ಮೊದಲು ಹಾಡಿದ್ದು 1727ರಲ್ಲಿ ಲೈಪ್‌ಜಿಗ್‌ನಲ್ಲಿ. ಎರಡು ಕ್ವಾಯರ್, ಎರಡು ವಾದ್ಯವೃಂದ. ಶುರುವಿನಲ್ಲೇ ಒಂದು ಗುಂಪು ನೋಡಿ, ನೋಡಿ ಅಂತ ಕರೆಯುತ್ತದೆ. ಇನ್ನೊಂದು ಗುಂಪು ಆಚೆ ಬದಿಯಿಂದ ಯಾರನ್ನು, ಹೇಗೆ ಅಂತ ಕೇಳುತ್ತದೆ. ಇವೆರಡರ ಮೇಲೆ ಎಳೆಯ ದನಿಗಳ ಇನ್ನೊಂದು ಹಾಡು ಶಾಂತವಾಗಿ ಬರುತ್ತದೆ. ಎಡಗಿವಿ, ಬಲಗಿವಿ, ನಡುವೆ ಮಕ್ಕಳು. ಕಾರ್ಲ್ ರಿಕ್ಟರ್ 1958ರಲ್ಲಿ ಮ್ಯೂನಿಕ್‌ನಲ್ಲಿ ದೊಡ್ಡ ಕ್ವಾಯರ್ ಕಟ್ಟಿಕೊಂಡು ಇದನ್ನು ಹಾಡಿಸಿ ರೆಕಾರ್ಡ್ ಮಾಡಿದ. ಅದರ ತೂಕವೇ ಬೇರೆ, ನಿಜ. ಆದರೆ ಹೊಸದಾಗಿ ಕೇಳುವವರಿಗೆ ಚಿಕ್ಕ ಕ್ವಾಯರೇ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಜನ ಕಡಿಮೆ ಇದ್ದಷ್ಟೂ ನಡುವಿನ ದನಿ ತಿಳಿಯಾಗಿ ಸಿಗುತ್ತದೆ. 1982ರಲ್ಲಿ ಜೋಶುವಾ ರಿಫ್ಕಿನ್ ಬಾಖ್‌ನ ಬಿ ಮೈನರ್ ಮಾಸ್ ಎಂಬ ಚರ್ಚ್ ಪೂಜೆಯ ಕೃತಿಯನ್ನು ಒಂದು ದನಿಗೆ ಒಬ್ಬರೇ ಎಂಬ ಹಾಗೆ ಹಾಡಿಸಿದ್ದು ದೊಡ್ಡ ಚರ್ಚೆಗೆ ಕಾರಣವಾಯಿತು. ಜಪಾನಿನ ಮಸಾಕಿ ಸುಜುಕಿಯವರ ತಂಡ ಕೋಬೆಯ ಒಂದು ವಿಶ್ವವಿದ್ಯಾಲಯದ ಚಾಪೆಲ್‌ನಲ್ಲಿ 1995ರಿಂದ 2013ರ ತನಕ ಬಾಖ್‌ನ ಕ್ಯಾಂಟಾಟಾ ಎಂಬ ಚರ್ಚಿನ ಹಾಡುಕೃತಿಗಳನ್ನೆಲ್ಲ ರೆಕಾರ್ಡ್ ಮಾಡಿತು. ಜರ್ಮನಿಗೆ ಜಪಾನ್ ಎಷ್ಟು ದೂರ! ಆದರೂ ಇಂದು ಬಾಖ್ ಕೇಳುವವರು ಮೊದಲು ಹುಡುಕುವ ರೆಕಾರ್ಡಿಂಗುಗಳಲ್ಲಿ ಅವೂ ಸೇರಿವೆ.

ನಮಗೇನೂ ಇದು ಪೂರ್ತಿ ಪರದೇಶಿಯಲ್ಲ. ಕಾಳಿ ನದಿ ದಾಟಿ ಸ್ವಲ್ಪ ದೂರ ಹೋದರೆ ಗೋವಾ. ಅಲ್ಲಿಯ ಚರ್ಚುಗಳ ಶಾಲೆಯಲ್ಲಿ ತಲೆಮಾರುಗಳಿಂದ ಮಕ್ಕಳಿಗೆ ಸ್ವರಲಿಪಿ ಓದಲು, ವಯಲಿನ್ ನುಡಿಸಲು ಕಲಿಸಿದರು. ಮುಂಬಯಿಯ ಸಿನಿಮಾ ಸ್ಟುಡಿಯೋಗಳಲ್ಲಿ ವಯಲಿನ್ ಹಿಡಿದು ಕೂತ ಎಷ್ಟೋ ಜನ ಅಲ್ಲಿಂದ ಬಂದವರೇ. ನಮ್ಮ ಕರಾವಳಿಯ ಇಗರ್ಜಿಗಳಲ್ಲೂ ಹಬ್ಬಕ್ಕೆ ಕ್ವಾಯರ್ ಕೊಂಕಣಿಯಲ್ಲಿ, ಕನ್ನಡದಲ್ಲಿ ಹಾಡುತ್ತದೆ. ಇದನ್ನು ರೆಕಾರ್ಡ್ ಮಾಡಿ ಇಡುವವರು ತೀರ ಕಡಿಮೆ. ಇದು ನನಗೆ ನಿಜಕ್ಕೂ ಬೇಸರದ ಸಂಗತಿ. ಹಾಡಿಸುತ್ತಿದ್ದ ಹಿರಿಯರು ಹೋದ ಮೇಲೆ ಅವರು ಕಲಿಸಿದ ಆಲ್ಟೊ, ಟೆನರ್ ಸಾಲುಗಳೂ ಹೋಗುತ್ತವೆ. ಮೇಲಿನ ಹಾಡು ಎಲ್ಲರ ಬಾಯಲ್ಲಿ ಉಳಿಯುತ್ತದೆ, ನಡುವಿನದು ಉಳಿಯುವುದಿಲ್ಲ.

ಇದನ್ನು ರೆಕಾರ್ಡ್ ಮಾಡಲು ಸ್ಟುಡಿಯೋ ಬೇಡ. ಮಳೆಗಾಲ ಕಳೆದ ಮೇಲೆ, ಹೆಂಚಿನ ಮೇಲೆ ಸದ್ದಿಲ್ಲದ ದಿನ, ರಸ್ತೆಯ ಓಡಾಟ ನಿಂತ ಹೊತ್ತಿಗೆ ಎಲ್ಲರೂ ಇಗರ್ಜಿಯಲ್ಲೇ ಸೇರಲಿ. ಫ್ಯಾನ್ ಆಫ್ ಮಾಡಿ. ಸ್ಪೀಕರ್ ಬಳಸಬೇಡಿ. ಹಾಡುವವರು ಅರ್ಧ ಚಂದ್ರದ ಹಾಗೆ ನಿಲ್ಲಲಿ. ರೆಕಾರ್ಡರ್ ಅವರ ಮುಂದೆ ಎಂಟು ಹತ್ತು ಅಡಿ ದೂರದಲ್ಲಿ, ತಲೆಗಿಂತ ತುಸು ಎತ್ತರದಲ್ಲಿ ಇರಲಿ. ಫೋನ್ ಮಾತ್ರ ಇದ್ದರೆ ಅದೂ ಆದೀತು. ಆದರೆ ಸಣ್ಣ ದನಿಯನ್ನು ಏರಿಸಿ ದೊಡ್ಡದನ್ನು ತಗ್ಗಿಸುವ ಸೆಟ್ಟಿಂಗ್ ಇದ್ದರೆ ಮೊದಲು ಅದನ್ನು ತೆಗೆಯಿರಿ. ಒಮ್ಮೆ ಎಲ್ಲರೂ ಸೇರಿ ಹಾಡಿ. ಆಮೇಲೆ ಆಲ್ಟೊ ಒಂದೇ, ಟೆನರ್ ಒಂದೇ ಬೇರೆಯಾಗಿ ಹಾಡಿಸಿ. ಮುಂದೆ ಕಲಿಯುವವರಿಗೆ ಬೇಕಾಗುವುದು ಅದೇ. ವಾಟ್ಸಾಪಿನಲ್ಲಿ ಓಡಾಡುವ ತುಣುಕನ್ನು ನಂಬಬೇಡಿ, ಮೂಲ ಫೈಲನ್ನು ಎರಡು ಕಡೆ ಇಡಿ. ಜೊತೆಗೆ ತಾರೀಕು, ಊರು, ಹಾಡಿದವರ ಹೆಸರು, ಯಾರು ಯಾವ ದನಿ ಹಾಡಿದರು ಅನ್ನುವುದನ್ನೂ ಬರೆದಿಡಿ.

ನಮಸ್ಕಾರ.